ದೇವರ ಕಟ್ಟೆ, ಸರಕಾರಿ ಜಾಗ: ಗೊಂದಲ ಶುರುವಾಗಿದ್ದು ಎಲ್ಲಿಂದ?

ಉತ್ತರ ಕನ್ನಡದಲ್ಲಿ ಸರಕಾರಿ ಜಾಗದ ಗುಡಿ, ಕಟ್ಟೆ, ಧ್ವಜದ ವಿಷಯಕ್ಕೆ ಗಲಾಟೆ ಎದ್ದಾಗಲೆಲ್ಲ ಎರಡೂ ಕಡೆಯವರು ಕೋರ್ಟಿನ ಹೆಸರು ಹೇಳುತ್ತಾರೆ. ಕೋರ್ಟ್ ಹೇಳಿದ್ದೇನು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ.

ಈ ಜಿಲ್ಲೆಯ ಲೆಕ್ಕವೇ ಬೇರೆ. ನೆಲದ ಬಹುಪಾಲು ಕಾಡು. 1862ರಲ್ಲಿ ಜಿಲ್ಲೆ ಬಾಂಬೆ ಪ್ರಾಂತ್ಯಕ್ಕೆ ಹೋಯಿತು, ಬ್ರಿಟಿಷರು ಕಾಡು ಅಳೆದು ಗಡಿ ಹಾಕಿದರು, ಶಿರಸಿ, ಸಿದ್ದಾಪುರ ಕಡೆಯ ಎಷ್ಟೋ ದೇವರ ಕಾನುಗಳು, ಅಂದರೆ ದೇವರಿಗೆಂದು ಬಿಟ್ಟ ಕಾಡುಗಳು, ಸರಕಾರದ್ದಾದವು. ಅಲ್ಲಿನ ಊರದೇವರಾದ ಚೌಡಿ, ಜಟಕ, ನಾಗರ ಕಲ್ಲು ಇದ್ದಲ್ಲೇ ಇದ್ದವು. ಇವನ್ನೂ ಒತ್ತುವರಿ ಅಂದರೆ ಊರವರಿಗೆ ಸಿಟ್ಟು ಬರೋದು ಸಹಜ ಅಲ್ವಾ?

ಹಾಗಂತ ಎಲ್ಲವೂ ಹಳೆಯದಲ್ಲ. ಹೆದ್ದಾರಿ ಬದಿಯಲ್ಲಿ ಮೊದಲು ಮರದ ಬುಡಕ್ಕೊಂದು ಕಲ್ಲು ಬರುತ್ತದೆ, ಅರಿಶಿನ, ಕುಂಕುಮ. ಮರುವರ್ಷ ಸಿಮೆಂಟ್ ಕಟ್ಟೆ. ಆಮೇಲೆ ತಗಡಿನ ಮಾಡು, ಟೈಲ್ಸ್, ಗ್ರಿಲ್, ಕಾಣಿಕೆ ಡಬ್ಬಿ. ಕರೆಂಟ್ ಮೀಟರ್ ಬಂತೆಂದರೆ ಮುಗೀತು, ಅದು 'ಪುರಾತನ'. ಒಂದೇ ಧರ್ಮದವರು ಹೀಗೆ ಮಾಡುತ್ತಾರೆ ಅನ್ನುವಂತೆಯೂ ಇಲ್ಲ.

ಕೋರ್ಟಿನ ಕಥೆ ಶುರುವಾಗಿದ್ದು ಗುಜರಾತಿನಲ್ಲಿ. 2006ರಲ್ಲಿ ಅಲ್ಲಿನ ಹೈಕೋರ್ಟ್ ಸಾರ್ವಜನಿಕ ಜಾಗದ ಧಾರ್ಮಿಕ ಕಟ್ಟಡಗಳ ಬಗ್ಗೆ ಪತ್ರಿಕೆಯ ವರದಿ ನೋಡಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದು ಸುಪ್ರೀಂ ಕೋರ್ಟಿಗೆ ಹೋಗಿ, 2009ರ ಸೆಪ್ಟೆಂಬರ್ 29ರಂದು ಆದೇಶ ಬಂತು: ಇನ್ನು ಮುಂದೆ ರಸ್ತೆ, ಪಾರ್ಕ್‌ನಂಥ ಸಾರ್ವಜನಿಕ ಜಾಗದಲ್ಲಿ ದೇವಸ್ಥಾನ, ಚರ್ಚ್, ಮಸೀದಿ, ಗುರುದ್ವಾರದ ಹೆಸರಲ್ಲಿ ಅನಧಿಕೃತ ಕಟ್ಟಡ ಏಳಬಾರದು. ಈಗಾಗಲೇ ಇರುವವನ್ನು ರಾಜ್ಯಗಳು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸಬೇಕು. ಎಲ್ಲವನ್ನೂ ಕೆಡವಿ ಎಂದು ಅದರಲ್ಲಿಲ್ಲ. 2018ರಲ್ಲಿ ಉಸ್ತುವಾರಿ ಆಯಾ ಹೈಕೋರ್ಟ್‌ಗಳಿಗೆ ಹೋಯಿತು.

ಕಷ್ಟ ಇರೋದು ಆ 'ಒಂದೊಂದಾಗಿ'ಯಲ್ಲೇ. ಪಟ್ಟಿ ಮಾಡುವಾಗ ಸರ್ವೆ ನಂಬರ್ ಸುಲಭಕ್ಕೆ ಸಿಗುತ್ತದೆ. ಕಲ್ಲಿನ ವಯಸ್ಸು ಸಿಗೋದಿಲ್ಲ. ಅದಕ್ಕೆ ಹಳೆ ನಕ್ಷೆ ತೆಗೆಸಬೇಕು, ಊರಿನ ಹಿರಿಯರನ್ನು ಕೂರಿಸಿ ಕೇಳಬೇಕು, ಪೂಜೆ ಯಾರ ಮನೆಯವರದು ಎಂದು ತಿಳಿಯಬೇಕು. ಗಡುವು ಇಟ್ಟುಕೊಂಡು ಓಡಾಡುವ ಅಧಿಕಾರಿಗಳಿಗೆ ಅಷ್ಟು ಪುರುಸೊತ್ತು ಎಲ್ಲಿ?

2021ರ ಸೆಪ್ಟೆಂಬರ್‌ನಲ್ಲಿ, ಇದೇ ಕೋರ್ಟ್ ಆದೇಶದ ಹೆಸರಲ್ಲಿ, ಮೈಸೂರು ಜಿಲ್ಲೆ ನಂಜನಗೂಡು ತಾಲೂಕಿನ ಹುಚ್ಚಗಣಿಯ ಮಹದೇವಮ್ಮ ದೇವಸ್ಥಾನವನ್ನು ಅಧಿಕಾರಿಗಳು ಕೆಡವಿದರು. ರಾಜ್ಯವೆಲ್ಲ ಗದ್ದಲ. ಅದೇ ತಿಂಗಳು ರಾಜ್ಯದ ವಿಧಾನಮಂಡಲದಲ್ಲಿ ಧಾರ್ಮಿಕ ಕಟ್ಟಡಗಳ ರಕ್ಷಣಾ ಮಸೂದೆ ಪಾಸಾಯಿತು. ಕಾಯ್ದೆ ಜಾರಿಗೆ ಬಂದ ದಿನ ಸಾರ್ವಜನಿಕ ಜಾಗದಲ್ಲಿ ಇದ್ದವಕ್ಕೆ ರಕ್ಷಣೆ, ಮುಂದೆ ಹೊಸದಾಗಿ ಅನಧಿಕೃತವಾಗಿ ಕಟ್ಟುವಂತಿಲ್ಲ. ತಲೆತಲಾಂತರದ ಬನಕ್ಕೂ ಮೊನ್ನೆಯ ತಗಡಿನ ಮಾಡಿಗೂ ಒಂದೇ ಕೊಡೆ ಹಿಡಿದಂತಾಯಿತು. ವಿಂಗಡಿಸುವ ಕೆಲಸ ತಪ್ಪಿತು, ಎಲ್ಲರಿಗೂ ನಿರಾಳ.

2024ರ ಜನವರಿಯಲ್ಲಿ ಭಟ್ಕಳದ ತೆಂಗಿನಗುಂಡಿ ಕಡಲ ತೀರದಲ್ಲಿ ಭಗವಾಧ್ವಜ ಮತ್ತು ಸಾವರ್ಕರ್ ಹೆಸರಿನ ಫಲಕ ತೆರವಾದಾಗ ಜಗಳ ಕಟ್ಟಡದಿಂದ ಕಂಬಕ್ಕೆ ಬಂತು. ಧ್ವಜದ ಕಂಬ ಧಾರ್ಮಿಕ ಕಟ್ಟಡವಾ? ಫಲಕಕ್ಕೆ ಯಾವ ನಿಯಮ? ಭಾಷಣಗಳಲ್ಲಿ ಧರ್ಮದ ಮಾತು ಜಾಸ್ತಿ ಕೇಳಿಸಿತು. ಕಡತದಲ್ಲಿ ಇದ್ದ ಪ್ರಶ್ನೆ ಮಾತ್ರ ಚಿಕ್ಕದು: ಪಂಚಾಯತಿಯ ಅನುಮತಿ ಇತ್ತಾ, ಇಲ್ವಾ?