ಮರಿಗೆ ಬೊಗಳಲು ಟ್ಯೂಷನ್ ಬೇಕಿಲ್ಲ

"ಡಾಕ್ಟ್ರೇ, ಎರಡು ತಿಂಗಳಾಯ್ತು, ಇನ್ನೂ ಒಂದು ಸಲವೂ ಬೊಗಳಿಲ್ಲ. ಮೂಗ ಇರಬಹುದಾ?" ಅಂಗೈಯಗಲದ ಶಿಟ್ಜು ಮರಿಯನ್ನೋ ಪೊಮೇರಿಯನ್ ಮರಿಯನ್ನೋ ಮೇಜಿನ ಮೇಲಿಟ್ಟು ಹೀಗೆ ಕೇಳುವವರು ಆಗಾಗ ಸಿಗುತ್ತಾರೆ. ಲಸಿಕೆಯ ಕಾರ್ಡ್ ಮನೆಯಲ್ಲೇ ಮರೆತಿರುತ್ತಾರೆ. ಬೊಗಳುವುದರ ಚಿಂತೆ ಮಾತ್ರ ಮರೆತಿರುವುದಿಲ್ಲ.

ಹುಟ್ಟಿದ ಮರಿಗೆ ಕಣ್ಣು, ಕಿವಿ ಎರಡೂ ಮುಚ್ಚಿರುತ್ತವೆ. ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯುತ್ತದೆ, ಹಿಂದೆಯೇ ಕಿವಿ. ಅಲ್ಲಿಯವರೆಗೆ ಕುಂಯ್‌ಗುಡುವುದೇ ಅದರ ಭಾಷೆ. ಆಮೇಲೆ ಅಣ್ಣತಮ್ಮಂದಿರ ಜೊತೆ ಆಡುತ್ತಾ ಗುರ್ ಅನ್ನುತ್ತದೆ, ಬಿಕ್ಕಳಿಕೆಯಂಥ ಒಂದು ಸದ್ದು ಮಾಡಿ ತಾನೇ ಬೆಚ್ಚಿಬೀಳುತ್ತದೆ. ಏಳೆಂಟು ವಾರಕ್ಕೆ ಹಲವು ಮರಿಗಳು ಸರಿಯಾಗಿಯೇ ಬೊಗಳುತ್ತವೆ. ಆದರೆ ನಾವು ಮನೆಗೆ ತರುವುದೂ ಅದೇ ಹೊತ್ತಿಗೆ. ತಾಯಿ ಇಲ್ಲ, ಜಾಗ ಹೊಸದು. ಕೆಲವು ವಾರ ಸುಮ್ಮನಿದ್ದರೆ ಗಾಬರಿಯಾಗಬೇಕಿಲ್ಲ. ಕುಂಯ್‌ಗುಡುವ ದನಿಯೂ ಇಲ್ಲ, ದನಿ ಒಡೆದಿದೆ, ಬಾತುಕೋಳಿ ಕೂಗಿದಂತೆ ಕೆಮ್ಮುತ್ತದೆ ಅಂದರೆ ಮಾತ್ರ ತೋರಿಸಿ. ಪುಟ್ಟ ತಳಿಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಜಾಸ್ತಿ. ಕತ್ತಿನ ಪಟ್ಟಿಗೆ ಹಗ್ಗ ಹಾಕಿ ಎಳೆಯಬೇಡಿ, ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ.

ಇಷ್ಟು ಹೇಳಿ ಕಳಿಸಿದರೂ ಮನೆಯಲ್ಲಿ ಟ್ಯೂಷನ್ ಶುರುವಾಗುತ್ತದೆ. ತಾತ ನೆಲದ ಮೇಲೆ ಕೂತು ಬೌ ಬೌ ಅನ್ನುತ್ತಾರೆ. ಒಂದು ಮನೆಯ ಪೊಮೇರಿಯನ್ ಮೊದಲ ಸಲ ಬೊಗಳಿದ್ದು ಕುಕ್ಕರ್ ವಿಷಲ್‌ಗೆ. ಎಲ್ಲರೂ ಚಪ್ಪಾಳೆ ತಟ್ಟಿದರು, ವಿಡಿಯೊ ಮಾಡಿದರು, ಬಿಸ್ಕತ್ತು ಕೊಟ್ಟರು. ವರ್ಷ ತುಂಬುವ ಹೊತ್ತಿಗೆ ಅದು ವಿಷಲ್‌ಗೆ ಕಾಯುತ್ತಲೇ ಇರಲಿಲ್ಲ. ಕುಕ್ಕರ್ ಒಲೆ ಮೇಲೆ ಕೂತರೆ ಸಾಕು, ಕೆಳಗಿನ ಮನೆಯವರು ಬೆಲ್ ಒತ್ತುವವರೆಗೂ ಬೊಗಳುತ್ತಿತ್ತು. ಬೆಲ್‌ಗೂ ಬೊಗಳುತ್ತಿತ್ತು ಅನ್ನಿ.

"ನಾವು ಬೈತೀವಲ್ಲ ಡಾಕ್ಟ್ರೇ" ಅನ್ನುತ್ತಾರೆ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಇದೇ. ಬೈಯುವುದೂ ಬಹುಮಾನವೇ. ಮರಿ ಬೊಗಳಿತು, ನೀವು ತಿರುಗಿ ನೋಡಿದಿರಿ, ಮಾತಾಡಿದಿರಿ, ಎತ್ತಿಕೊಂಡಿರಿ. ಅದಕ್ಕೆ ಬೇಕಿದ್ದದ್ದು ಸಿಕ್ಕಿತು. "ಸುಮ್ನಿರೋ" ಎಂದು ನೀವು ಕೂಗಿದರೆ, ನೀವೂ ಜೊತೆಗೆ ಬೊಗಳುತ್ತಿದ್ದೀರಿ ಅಂತಲೇ ಅದರ ಲೆಕ್ಕ. ಗಮನ ಸೆಳೆಯಲು ಬೊಗಳಿದಾಗ ನೋಡಬೇಡಿ, ಮಾತಾಡಬೇಡಿ, ಮುಟ್ಟಬೇಡಿ. ಬಾಯಿ ಮುಚ್ಚಿದ ಕೂಡಲೇ ಮುದ್ದು ಮಾಡಿ, ತಿಂಡಿ ಕೊಡಿ. ಮೊದಲ ಕೆಲವು ದಿನ ಬೊಗಳುವುದು ಹೆಚ್ಚೇ ಆಗುತ್ತದೆ. ಅಲ್ಲಿ ಸೋತು ಎತ್ತಿಕೊಂಡರೆ, ಇಷ್ಟು ಹೊತ್ತು ಬೊಗಳಬೇಕು ಅಂತ ನೀವೇ ಕಲಿಸಿದ ಹಾಗೆ. ಅಮ್ಮ ಸುಮ್ಮನಿದ್ದು ತಾತ ಬಿಸ್ಕತ್ತು ಕೊಟ್ಟರೂ ಅದೇ ಕಥೆ.

ಲ್ಯಾಬ್ರಡಾರ್ ಹೀಗೆ ಬೊಗಳಿದರೆ ಯಾರೂ ನಗುವುದಿಲ್ಲ. ಪುಟ್ಟದಕ್ಕೆ ಮಾತ್ರ ಎಲ್ಲ ಮಾಫಿ.

ಹಾಗಂತ ಎಲ್ಲ ಬೊಗಳಿಕೆಗೂ ಇದೇ ಮದ್ದಲ್ಲ. ಹೆದರಿ ಬೊಗಳುವ ಮರಿಯನ್ನು ಹಾಗೇ ಬಿಡಬೇಡಿ, ಹೆದರಿಸಿದ್ದರಿಂದ ದೂರ ಕರೆದೊಯ್ಯಿರಿ. ಅದರ ಎತ್ತರದಿಂದ ನೋಡಿದರೆ ಬಂದ ನೆಂಟರೆಲ್ಲ ಬರೀ ಬೂಟು ತಾನೇ? ಸುಮಾರು ಮೂರು ತಿಂಗಳೊಳಗೆ ಹೊಸ ಜನ, ಹೊಸ ಸದ್ದು ಪರಿಚಯವಾದರೆ ಆಮೇಲೆ ಭಯ ಕಡಿಮೆ. ಲಸಿಕೆ ಮುಗಿಯದಿದ್ದರೆ ನೆಲಕ್ಕೆ ಬಿಡದೆ ಎತ್ತಿಕೊಂಡೇ ಬೀದಿ ತೋರಿಸಿ. ನೋವಿನಿಂದ ಬೊಗಳುತ್ತಿರಬಹುದು ಅನ್ನಿಸಿದರೆ ಪರೀಕ್ಷೆ ಮಾಡದೆ ನಾನೂ ಏನೂ ಹೇಳಲಾರೆ.

ಅಪಾರ್ಟ್‌ಮೆಂಟಿನವರು ಜಗಳಕ್ಕೆ ಬಂದಾಗ ಕೆಲವರು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತೋರಿಸುತ್ತಾರೆ. ಬೊಗಳುತ್ತದೆ ಎಂಬ ಕಾರಣಕ್ಕೆ ಸಾಕುನಾಯಿ ಬೇಡ ಅನ್ನುವಂತಿಲ್ಲ, ನಿಜ. ರಾತ್ರಿ ಹೊತ್ತು ಸದ್ದು ಮಾಡದಂತೆ ನೋಡಿಕೊಳ್ಳಲು ಪ್ರಯತ್ನಿಸಿ ಎಂದೂ ಅದರಲ್ಲೇ ಇದೆ. ಆ ಸಾಲನ್ನು ಯಾರೂ ಓದಿರುವುದಿಲ್ಲ.

ಬೊಗಳುವ ದೂರು ತರುವಾಗ ಮನೆಯಲ್ಲಿ ತೆಗೆದ ವಿಡಿಯೊ ತನ್ನಿ. ಕ್ಲಿನಿಕ್ಕಿನಲ್ಲಿ ಈ ಮರಿಗಳು ಬಾಯಿ ಬಿಡುವುದೇ ಇಲ್ಲ. ಸೌಂಡ್ ತೆಗೆಯಬೇಡಿ. ಹಿಂದೆ ಯಾರು ನಗುತ್ತಿದ್ದಾರೆ ಅನ್ನೋದು ನನಗೆ ಕೇಳಿಸಬೇಕು.