ವಿ-ಒನ್ನಾ, ವಿ-ಟೂನಾ?

"ಸರ್, ಮೊದಲು ಗ್ರಾಮರ್ ಮುಗಿಸಿ, ಆಮೇಲೆ ಮಾತಾಡಿಸಿ."

ಶಿವಮೊಗ್ಗದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಜೂನ್ ಬಂತೆಂದರೆ ದಿನಕ್ಕೆರಡು ಸಲವಾದರೂ ಈ ಮಾತು ಕಿವಿಗೆ ಬೀಳುತ್ತದೆ. ಗ್ರಾಮರ್ ಏನು ಮನೆಯ ಪಾಯವೇ, ಮುಗಿಸಿಕೊಂಡು ಗೋಡೆ ಎಬ್ಬಿಸೋಕೆ?

ಕಳೆದ ವರ್ಷ ಅಡಿಕೆ ಮಂಡಿಯವರೊಬ್ಬರು ಮಗಳನ್ನು ಕರೆತಂದರು. ಕನ್ನಡ ಮೀಡಿಯಂನಲ್ಲಿ ಓದಿ ಆಗಷ್ಟೇ ಪಿಯುಸಿಗೆ ಸೇರಿದ್ದಳು. ಹನ್ನೆರಡು ಟೆನ್ಸೂ ಚಾರ್ಟ್ ಸಮೇತ ಬಾಯಿಪಾಠ. "ವಾಟ್ ಡಿಡ್ ಯು ಈಟ್ ದಿಸ್ ಮಾರ್ನಿಂಗ್?" ಅಂತ ಕೇಳಿದೆ. ಮಾತಿಲ್ಲ. ತಿಂಡಿ ತಿಂದಿಲ್ಲವೇನಮ್ಮಾ ಅಂದರೆ, "ತಿಂದಿದೀನಿ ಸರ್, ಡಿಡ್ ಬಂದಿದೆಯಲ್ಲ, ಉತ್ತರಕ್ಕೆ ವಿ-ಒನ್ ಹಾಕ್ಬೇಕಾ ವಿ-ಟೂ ಹಾಕ್ಬೇಕಾ ಅಂತ ಯೋಚ್ನೆ ಮಾಡ್ತಿದ್ದೆ" ಅಂದಳು. ವಿ-ಒನ್ ಅಂದರೆ ಕ್ರಿಯಾಪದದ ಮೂಲರೂಪ (ಈಟ್), ವಿ-ಟೂ ಅಂದರೆ ಭೂತಕಾಲದ ರೂಪ (ಏಟ್). ಪಾಪ.

ನಿಯಮ ಗೊತ್ತಿರುವುದು ಬೇರೆ, ಮಾತು ಬಾಯಿಗೆ ಬರುವುದು ಬೇರೆ. "ಹೋದೆ", "ಹೋಗಿದ್ದೆ" ಎರಡೂ ಭೂತಕಾಲವೇ. ಎಲ್ಲಿ ಯಾವುದು ಅಂತ ನಿಯಮ ಹೇಳಿ ನೋಡೋಣ? ತಡವರಿಸುತ್ತೀರಿ. ಆದರೆ ಮಾತಾಡುವಾಗ ಒಮ್ಮೆಯೂ ತಪ್ಪುವುದಿಲ್ಲ, ಅಲ್ವಾ? ಕನ್ನಡ ಮನೆಮಾತು, ಇಂಗ್ಲಿಷ್ ಹಾಗಲ್ಲ, ಒಪ್ಪಿದೆ. ಆದರೂ ವಾಕ್ಯದ ಅರ್ಥ ಬಿಟ್ಟು ಕ್ರಿಯಾಪದದ ನಂಬರ್ ಹುಡುಕುತ್ತಾ ನಿಂತರೆ ಎದುರಿಗಿದ್ದವರು ಎದ್ದು ಹೋಗಿರುತ್ತಾರೆ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. 1979ರಲ್ಲಿ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಲೋಕವೆಲ್ಲ ಅದನ್ನು ಬೆಂಗಳೂರು ಪ್ರಾಜೆಕ್ಟ್ ಅಂತಲೇ ಕರೆಯುತ್ತದೆ, ನಮ್ಮವರಿಗೇ ಗೊತ್ತಿಲ್ಲ. ವ್ಯಾಕರಣದ ಪಾಠಪಟ್ಟಿ ಬದಿಗಿಟ್ಟು ಮಕ್ಕಳಿಗೆ ನಕ್ಷೆ, ರೈಲಿನ ವೇಳಾಪಟ್ಟಿ ಕೊಟ್ಟು ಲೆಕ್ಕ ಬಿಡಿಸುವಂಥ ಕೆಲಸ ಮಾಡಿಸಿದರು. ಗಮನ ಕೆಲಸದ ಮೇಲಿದ್ದರೆ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಅನ್ನುವುದು ಅವರ ಲೆಕ್ಕ. ಅದು ಪೂರ್ತಿ ಗೆದ್ದಿತು ಅಂತ ಹೇಳಲಾರೆ. ತಜ್ಞರು ಇನ್ನೂ ಜಗಳವಾಡುತ್ತಾರೆ. ಯಾವುದೇ ಒಂದು ವಿಧಾನ ಎಲ್ಲರಿಗೂ ಶ್ರೇಷ್ಠವಲ್ಲ ಅಂತ 1990ರಲ್ಲಿ ಪ್ರಭು ಅವರೇ ಬರೆದರು. ಪರೀಕ್ಷೆಗೆ, ಅರ್ಜಿ ಬರೆಯೋಕೆ ನಿಯಮ ಬೇಕೇ ಬೇಕು, ನಾನೂ ಕಲಿಸುತ್ತೇನೆ. ಕಲಿಯೋಕೆ ಬರುವ ದೊಡ್ಡವರಂತೂ ನಿಯಮ ಹೇಳಿಸಿಕೊಳ್ಳದೆ ಬಿಡುವುದೇ ಇಲ್ಲ.

ಆ ಹುಡುಗಿಗೂ ನಾನೇ ಗೀಚಿದ ರೈಲಿನ ಪಟ್ಟಿ ಕೊಟ್ಟೆ. ಹತ್ತೂವರೆಗೆ ಬೆಂಗಳೂರಲ್ಲಿ ಇಂಟರ್‌ವ್ಯೂ, ಯಾವ ರೈಲು ಹಿಡಿಯಬೇಕು? "ಫಸ್ಟ್ ಟ್ರೈನ್ ಲೇಟ್ ರೀಚ್. ಸೆಕೆಂಡ್ ಟ್ರೈನ್ ಐ ಗೋ" ಅಂದಳು, ತಡವರಿಸದೆ. "ಓ, ಯು ವಿಲ್ ಗೋ ಬೈ ದ ಸೆಕೆಂಡ್ ಟ್ರೈನ್?" ಅಂದೆ. "ಯೆಸ್, ಐ ವಿಲ್ ಗೋ." ಅಷ್ಟೇ ತಿದ್ದಿದ್ದು.

ಬಾಗಿಲಲ್ಲಿ ಕೂತಿದ್ದ ಅಪ್ಪನಿಗೆ ಸಿಟ್ಟು. "ತಪ್ಪು ಹೇಳಿದ್ಲು, ನೀವು ಬಯ್ಲೇ ಇಲ್ವಲ್ಲ ಸರ್!" ಅಷ್ಟರಲ್ಲಿ ಅವರಿಗೆ ಕಾನ್ಪುರದ ವ್ಯಾಪಾರಿಯಿಂದ ಫೋನು. ಹತ್ತು ನಿಮಿಷ ಹಿಂದಿಯಲ್ಲಿ ದರ ಚೌಕಾಸಿ. ಹಿಂದಿ ಎಲ್ಲಿ ಕಲಿತಿರಿ ಅಂತ ಕೇಳಿದೆ. "ಮಂಡೀಲೇ ಸರ್, ಮಾತಾಡ್ತಾ ಮಾತಾಡ್ತಾ ಬಂತು." ಟೆನ್ಸ್ ಮುಗಿಸಿದ್ರಾ? ಜೋರಾಗಿ ನಕ್ಕರು.

ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮತ್ತೆ ತಿರುಗಿದರು. "ಆದ್ರೂ ಸರ್, ಟೆನ್ಸ್ ಒಂದು ಸಲ ರಿವಿಷನ್ ಮಾಡಿಸಿಬಿಡಿ."