ಗರ್ಭಕೋಶದ ಪಾಲಿಪ್: ಏನಿದು, ಯಾವಾಗ ತೆಗೆಸಬೇಕು?

ಗರ್ಭಕೋಶದ ಒಳಗೋಡೆಯನ್ನು ಎಂಡೋಮೆಟ್ರಿಯಂ ಎಂಬ ಮೃದುವಾದ ಪದರ ಆವರಿಸಿರುತ್ತದೆ. ಪ್ರತಿ ತಿಂಗಳೂ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ದಪ್ಪವಾಗಿ, ಗರ್ಭ ನಿಲ್ಲದಿದ್ದಾಗ ಮುಟ್ಟಿನ ಸ್ರಾವವಾಗಿ ಕಳಚಿಹೋಗುವುದು ಈ ಪದರವೇ. ಅದರ ಯಾವುದೋ ಒಂದು ಜಾಗದಲ್ಲಿ ಮಾತ್ರ ಗ್ರಂಥಿಗಳೂ ಸುತ್ತಲಿನ ಅಂಗಾಂಶವೂ ಮಿತಿಮೀರಿ ಬೆಳೆದು, ತಮ್ಮದೇ ರಕ್ತನಾಳವನ್ನು ಪಡೆದು, ಗರ್ಭಕೋಶದ ಪೊಳ್ಳಿನೊಳಕ್ಕೆ ಚಾಚಿಕೊಂಡರೆ ಅದು ಪಾಲಿಪ್. ಕೆಲವು ತೆಳುವಾದ ತೊಟ್ಟಿನಿಂದ ಜೋತುಬಿದ್ದಿರುತ್ತವೆ, ಕೆಲವು ಅಗಲವಾದ ಬುಡದೊಂದಿಗೆ ಗೋಡೆಗೇ ಅಂಟಿಕೊಂಡಿರುತ್ತವೆ. ಗಾತ್ರ ಕೆಲವೇ ಮಿಲಿಮೀಟರ್ ಇರಬಹುದು, ಹಲವು ಸೆಂಟಿಮೀಟರ್ ಕೂಡ ಆಗಬಹುದು. ಇದನ್ನು ಫೈಬ್ರಾಯ್ಡ್ ಎಂದು ತಪ್ಪಾಗಿ ತಿಳಿಯುವವರು ಬಹಳ. ಫೈಬ್ರಾಯ್ಡ್ ಹುಟ್ಟುವುದು ಗರ್ಭಕೋಶದ ಸ್ನಾಯುವಿನಲ್ಲಿ, ಪಾಲಿಪ್ ಹುಟ್ಟುವುದು ಒಳಪದರದಲ್ಲಿ.

ಇದು ಏಕೆ ಬೆಳೆಯುತ್ತದೆ ಎಂಬುದಕ್ಕೆ ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗದು. ಈಸ್ಟ್ರೋಜನ್‌ಗೆ ಪಾಲಿಪ್ ಸ್ಪಂದಿಸುತ್ತದೆ ಎಂಬುದಂತೂ ಖಚಿತ. ಹಾಗಾಗಿಯೇ ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ, ಬೊಜ್ಜು ಇರುವವರಲ್ಲಿ ಮತ್ತು ಸ್ತನ ಕ್ಯಾನ್ಸರಿಗಾಗಿ ಟ್ಯಾಮಾಕ್ಸಿಫೆನ್ ಸೇವಿಸುವವರಲ್ಲಿ ಇದು ಹೆಚ್ಚು ಕಂಡುಬರುತ್ತದೆ.

ಅನೇಕರಲ್ಲಿ ಪಾಲಿಪ್ ಯಾವ ಸುಳಿವನ್ನೂ ಕೊಡದೆ, ಬೇರಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಬೆಳಕಿಗೆ ಬರುತ್ತದೆ. ತೊಂದರೆ ಕೊಟ್ಟಾಗ ಅದು ಸಾಮಾನ್ಯವಾಗಿ ರಕ್ತಸ್ರಾವದ ರೂಪದಲ್ಲಿರುತ್ತದೆ: ಎರಡು ಮುಟ್ಟುಗಳ ನಡುವೆ ಕಾಣುವ ಕಲೆ, ಮುಟ್ಟಿನ ದಿನಗಳಲ್ಲಿ ವಿಪರೀತ ಸ್ರಾವ, ಸಂಭೋಗದ ನಂತರದ ರಕ್ತ. ಅಧಿಕ ಸ್ರಾವ ತಿಂಗಳುಗಟ್ಟಲೆ ನಡೆದರೆ ರಕ್ತಹೀನತೆಯೂ ಬರುತ್ತದೆ. ಸದಾ ಕಾಡುವ ಆಯಾಸಕ್ಕೆ ಮನೆಗೆಲಸವನ್ನೋ ವಯಸ್ಸನ್ನೋ ದೂರುತ್ತ ದಿನ ಕಳೆಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳುವುದು ಒಳಿತು. ಭ್ರೂಣ ನೆಲೆಯೂರಲು ಪಾಲಿಪ್ ಅಡ್ಡಿಯಾಗಬಹುದಾದ್ದರಿಂದ, ಮಕ್ಕಳಾಗಲು ತಡವಾದವರ ತಪಾಸಣೆಯಲ್ಲಿಯೂ ಇದನ್ನು ಹುಡುಕುತ್ತಾರೆ.

ಸ್ಕ್ಯಾನಿಂಗ್ ವರದಿ ಕೈಗೆ ಬಂದೊಡನೆ ಎಲ್ಲರ ಕಣ್ಣು ಹೋಗುವುದು ಗಾತ್ರದ ಮೇಲೆ. ಆದರೆ ಮುಂದೇನು ಮಾಡಬೇಕೆಂಬುದನ್ನು ನಿರ್ಧರಿಸುವಲ್ಲಿ ಮಹಿಳೆಯ ವಯಸ್ಸು ಮತ್ತು ರಕ್ತಸ್ರಾವ ಗಾತ್ರಕ್ಕಿಂತ ಹೆಚ್ಚು ತೂಗುತ್ತವೆ. ಬಹುಪಾಲು ಪಾಲಿಪ್‌ಗಳು ಕ್ಯಾನ್ಸರ್ ಅಲ್ಲ. ಮುಟ್ಟು ಇನ್ನೂ ನಡೆಯುತ್ತಿರುವ, ಯಾವ ತೊಂದರೆಯೂ ಇಲ್ಲದ ಮಹಿಳೆಯಲ್ಲಿ 10 ಮಿಲಿಮೀಟರ್‌ಗಿಂತ ಚಿಕ್ಕದಾದದ್ದು ತಾನಾಗಿಯೇ ಮಾಯವಾಗುವುದೂ ಉಂಟು. ಅಂಥವರು ವೈದ್ಯರ ನಿಗಾದಲ್ಲಿ ಕಾದು ನೋಡಬಹುದು. ಮುಟ್ಟು ನಿಂತ ಮೇಲೆ ಕಾಣಿಸಿಕೊಂಡ ರಕ್ತದ ಮಾತು ಬೇರೆ. ಒಂದೇ ಒಂದು ಹನಿಯಾದರೂ ಅದನ್ನು ಕಡೆಗಣಿಸಬಾರದು, ಏಕೆಂದರೆ ಪಾಲಿಪ್‌ನೊಳಗೆ ಕ್ಯಾನ್ಸರಿನ ಜೀವಕೋಶಗಳು ಅಡಗಿರುವ ಸಾಧ್ಯತೆ ಈ ಹಂತದಲ್ಲಿ ಹೆಚ್ಚು.

ಯೋನಿಮಾರ್ಗದ ಅಲ್ಟ್ರಾಸೌಂಡ್ ಮೊದಲ ಪರೀಕ್ಷೆ. ಒಳಪದರ ತೆಳ್ಳಗಿರುವಾಗ ಪಾಲಿಪ್ ಎದ್ದು ಕಾಣುವುದರಿಂದ, ಇದನ್ನು ಸ್ರಾವ ಮುಗಿದ ಕೂಡಲೇ, ಋತುಚಕ್ರದ 10ನೇ ದಿನದೊಳಗೆ ಮಾಡಿಸುವುದು ಉತ್ತಮ. ಅನುಮಾನ ಉಳಿದರೆ ಗರ್ಭಕೋಶದೊಳಕ್ಕೆ ಸಲೈನ್ ಹಾಯಿಸಿ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಎಲ್ಲಕ್ಕಿಂತ ನಂಬಲರ್ಹವಾದದ್ದು ಹಿಸ್ಟೆರೋಸ್ಕೋಪಿ. ಹೊಟ್ಟೆಯ ಮೇಲೆ ಯಾವ ಗಾಯವೂ ಇಲ್ಲದೆ, ಗರ್ಭಕೊರಳಿನ ಮೂಲಕ ತೆಳುವಾದ ಕ್ಯಾಮೆರಾ ತೂರಿಸಿ, ದ್ರವ ಹಾಯಿಸಿ ಒಳಭಾಗವನ್ನು ಅರಳಿಸಿದಾಗ, ಆ ದ್ರವದಲ್ಲಿ ಓಲಾಡುವ ನಸುಗೆಂಪು ಪಾಲಿಪ್ ಪರದೆಯ ಮೇಲೆ ನೇರವಾಗಿ ಕಾಣುತ್ತದೆ. ಅದೇ ಸಲ ಚಿಕ್ಕ ಕತ್ತರಿಯಿಂದಲೋ ವಿದ್ಯುತ್ ಹಾಯಿಸಿದ ತಂತಿಯ ಕುಣಿಕೆಯಿಂದಲೋ ಅದನ್ನು ಬುಡಸಮೇತ ತೆಗೆಯಬಹುದು. ಒಳಗೆ ನೋಡದೆಯೇ ಕೆರೆದು ತೆಗೆಯುವ ಹಳೆಯ ಡಿ ಅಂಡ್ ಸಿ ವಿಧಾನದಲ್ಲಿ ಪಾಲಿಪ್ ಅಥವಾ ಅದರ ಬುಡ ಉಳಿದುಬಿಡುವ ಅಪಾಯವಿದೆ. ಇನ್ನು ಮಾತ್ರೆಗಳಿಂದಲೇ ಇದನ್ನು ಶಾಶ್ವತವಾಗಿ ಕರಗಿಸಬಹುದೆಂಬ ಭರವಸೆಗೆ ಆಧಾರ ಕಡಿಮೆ. ಹಾಗೆಂದು ಬರೀ ಪಾಲಿಪ್ ಇದೆಯೆಂಬ ಕಾರಣಕ್ಕೆ ಇಡೀ ಗರ್ಭಕೋಶವನ್ನೇ ತೆಗೆಸುವುದೂ ಸಲ್ಲದು. ಅಂಥ ಸಲಹೆ ಬಂದರೆ ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು.

ತೆಗೆದ ಅಂಗಾಂಶವನ್ನು ಬಯಾಪ್ಸಿಗೆ ಕಳುಹಿಸುತ್ತಾರೆ. ಆ ವರದಿಯನ್ನು ಕೇಳಿ ಪಡೆದು ಜೋಪಾನವಾಗಿಡಬೇಕು, ಏಕೆಂದರೆ ಪಾಲಿಪ್ ಮರುಕಳಿಸುವುದುಂಟು, ಆಗ ಹೊಸ ವೈದ್ಯರು ಮೊದಲು ಕೇಳುವುದು ಅದನ್ನೇ.